ನಾಯಿಯನ್ನು ಬೇರೆಯವರ ಮನೆಯಲ್ಲಿ ರಾತ್ರಿ ಬಿಡುವಾಗ ಏನೇನಾಗುತ್ತದೆ?

ಶಿರಸಿಯಲ್ಲಿ ಮದುವೆ. ಬೆಂಗಳೂರಿನಿಂದ ಹೋಗಿ ಬರಲು ಕಡಿಮೆ ಅಂದರೂ ಎರಡು ರಾತ್ರಿ ಬೇಕು. ಮದುವೆಮನೆ ತುಂಬ ಜನ, ಅದರಲ್ಲಿ ಅರ್ಧ ಜನಕ್ಕೆ ನಾಯಿ ಅಂದರೆ ಆಗಿಬರುವುದಿಲ್ಲ. ಹಾಗಾಗಿ ಪತ್ರಿಕೆ ಕೈಗೆ ಬಂದ ದಿನವೇ ನಮ್ಮ ಮನೆಯಲ್ಲಿ ಶುರುವಾಯಿತು, "ಬೆಲ್ಲನ್ನ ಎಲ್ಲಿ ಬಿಡೋದು?"

ಬೆಲ್ಲ ನಮ್ಮ ನಾಯಿ. ಬೀದಿಯಲ್ಲಿ ಸಿಕ್ಕ ಹೆಣ್ಣುಮರಿ, ಈಗ ನಾಲ್ಕು ವರ್ಷ, ಮೈಬಣ್ಣ ಥೇಟ್ ಹಳೇ ಅಚ್ಚುಬೆಲ್ಲದ್ದು. ಊರಲ್ಲಿ ಅಜ್ಜನ ಮನೆಯ ನಾಯಿಗೆ ಈ ತಾಪತ್ರಯ ಇರಲಿಲ್ಲ. ಅದು ಜಗುಲಿಯಲ್ಲಿ ಮಲಗುತ್ತಿತ್ತು, ಮನೆಯವರು ನಾಲ್ಕು ದಿನ ಎಲ್ಲಿಗಾದರೂ ಹೋದರೆ ಪಕ್ಕದ ಮನೆಯ ದೊಡ್ಡಮ್ಮ ಅನ್ನ ಹಾಕುತ್ತಿದ್ದರು, ಅಷ್ಟೇ. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ, ಎದುರುಮನೆಯವರ ಹೆಸರೂ ಸರಿಯಾಗಿ ಗೊತ್ತಿಲ್ಲದ ಕಡೆ, ಹಾಗೆ ಬಿಟ್ಟು ಹೋಗಲು ಆಗುತ್ತದೆಯೇ? ಅದಕ್ಕೇ ಹೋಮ್ ಬೋರ್ಡಿಂಗ್ ಅನ್ನುವ ಮಾತು ಈಗ ಜಾಸ್ತಿ ಕೇಳುತ್ತಿದೆ. ದಸರಾ, ದೀಪಾವಳಿ, ಬೇಸಿಗೆ ರಜೆ ಹತ್ತಿರ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಎರಡಾದರೂ ಇದೇ ವಿಷಯಕ್ಕೆ. ಎಲ್ಲರಿಗೂ ಅರ್ಧರ್ಧ ಹೇಳುವ ಬದಲು ಒಮ್ಮೆ ಕೂತು ಪೂರ್ತಿ ಬರೆದಿಡೋಣ ಅನಿಸಿತು.

ಹಾಸ್ಟೆಲ್ ಬೇರೆ, ನೆಂಟರ ಮನೆ ಬೇರೆ

ನಾಯಿಯನ್ನು ಬಿಡಲು ಸಾಮಾನ್ಯವಾಗಿ ಮೂರು ದಾರಿ. ಕೆನಲ್ ಅನ್ನುವುದು ಹಾಸ್ಟೆಲ್ ಇದ್ದ ಹಾಗೆ. ಪ್ರತಿ ನಾಯಿಗೂ ಒಂದು ಗೂಡು, ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ಹೊರಗೆ ಬಿಡುವುದು, ನೋಡಿಕೊಳ್ಳಲು ಸಂಬಳದ ಜನ. ಎರಡನೆಯದು ಪೆಟ್ ಸಿಟ್ಟರ್. ನಾಯಿ ನಿಮ್ಮ ಮನೆಯಲ್ಲೇ ಇರುತ್ತದೆ, ನೋಡಿಕೊಳ್ಳುವವರು ಬಂದು ಉಳಿಯುತ್ತಾರೆ. ಮೂರನೆಯದು ಹೋಮ್ ಬೋರ್ಡಿಂಗ್, ಇದು ಮಗುವನ್ನು ನೆಂಟರ ಮನೆಗೆ ಕಳಿಸಿದ ಹಾಗೆ. ಯಾರೋ ಒಬ್ಬರು, ಹೆಚ್ಚಾಗಿ ಸ್ವಂತ ನಾಯಿ ಸಾಕಿದವರು, ತಮ್ಮ ಮನೆಯಲ್ಲೇ ನಿಮ್ಮ ನಾಯಿಯನ್ನೂ ಇಟ್ಟುಕೊಳ್ಳುತ್ತಾರೆ. ಅವರ ಸೋಫಾ, ಅವರ ಅಡುಗೆಮನೆ, ಅವರ ಮಕ್ಕಳು, ಅವರ ನಾಯಿ.

ನೆಂಟರ ಮನೆಯ ಒಳ್ಳೆಯದೂ ಕೆಟ್ಟದ್ದೂ ಎರಡೂ ಇಲ್ಲಿ ಇರುತ್ತವೆ. ಗೂಡು ಇರುವುದಿಲ್ಲ, ಜನರ ನಡುವೆ ಓಡಾಡಿಕೊಂಡಿರಬಹುದು, ರಾತ್ರಿ ಯಾರದೋ ಮಂಚದ ಪಕ್ಕ ಮಲಗಬಹುದು. ಆದರೆ ಅಲ್ಲಿನ ದಿನಚರಿ ಅವರದು. ನಿಮ್ಮ ನಾಯಿ ಬೆಳಿಗ್ಗೆ ಐದಕ್ಕೇ ಎದ್ದು ಬಾಗಿಲು ಕೆರೆಯುತ್ತದೆ, ಅವರ ಮನೆಯಲ್ಲಿ ಬೆಳಗಾಗುವುದೇ ಏಳಕ್ಕೆ. ನಿಮ್ಮಲ್ಲಿ ಸೋಫಾ ಹತ್ತಬಹುದು, ಅವರಲ್ಲಿ ಹತ್ತಬಾರದು. ಅವರು ಸಸ್ಯಾಹಾರಿಗಳಾಗಿದ್ದರೆ ಕೋಳಿ ಬೇಯಿಸಿ ಹಾಕಲು ಆಗುವುದಿಲ್ಲ ಅನ್ನಬಹುದು, ಅದು ಅವರ ಮನೆ, ಅವರಿಷ್ಟ. ಇದನ್ನು ಮೊದಲೇ ಕೇಳಿಕೊಳ್ಳದೆ ನಾಯಿ, ಬ್ಯಾಗು, ಫ್ರೀಜರಿನಿಂದ ತೆಗೆದ ಕೋಳಿ ಎಲ್ಲ ಹಿಡಿದುಕೊಂಡು ಅವರ ಬಾಗಿಲಲ್ಲಿ ನಿಂತು ಒದ್ದಾಡಿದವರನ್ನು ನೋಡಿದ್ದೇನೆ.

ದುಡ್ಡು ರಾತ್ರಿಗಿಷ್ಟು ಅಂತ. ಏರಿಯಾ, ನಾಯಿಯ ಗಾತ್ರ, ಹಬ್ಬದ ಸೀಸನ್ನು, ಇವುಗಳ ಮೇಲೆ ಬದಲಾಗುತ್ತದೆ. ಆದರೆ ರೇಟಿಗಿಂತ ಮೊದಲು "ಒಂದು ದಿನ ಅಂದರೆ ಎಷ್ಟು ಗಂಟೆ" ಅಂತ ಕೇಳಿ. ಕೆಲವರು 24 ಗಂಟೆಗೆ ಒಂದು ದಿನ ಹಿಡಿಯುತ್ತಾರೆ, ಕೆಲವರದು ಲಾಡ್ಜಿನ ಲೆಕ್ಕ, ಹೇಳಿದ ಹೊತ್ತು ದಾಟಿದರೆ ಅರ್ಧ ದಿನದ ದುಡ್ಡು ಸೇರುತ್ತದೆ. ಒಂದೇ ಸಲಕ್ಕೆ ಎಷ್ಟು ನಾಯಿ ಇಟ್ಟುಕೊಳ್ಳುತ್ತಾರೆ ಅಂತಲೂ ಕೇಳಿ. ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಎಂಟು ನಾಯಿ ಇದ್ದರೆ ಅದನ್ನು ನೆಂಟರ ಮನೆ ಅನ್ನಲಾಗದು, ಛತ್ರ ಅನ್ನಬೇಕು.

ಲಸಿಕೆ ಪುಸ್ತಕ ಕೇಳದವರ ಹತ್ತಿರ ಬಿಡಬೇಡಿ

ಫೋನ್ ಮಾಡಿದ ಕೂಡಲೇ ಅವರು ಲಸಿಕೆ ಪುಸ್ತಕದ ಫೋಟೋ ಕೇಳಬೇಕು. ನಿಮ್ಮ ನಾಯಿ ಅಲ್ಲಿ ನೆಕ್ಕುವ ನೀರಿನ ಬಟ್ಟಲನ್ನು ಮೊನ್ನೆ ಇನ್ಯಾವುದೋ ನಾಯಿ ನೆಕ್ಕಿರುತ್ತದೆ. "ಪರವಾಗಿಲ್ಲ, ಕರ್ಕೊಂಡು ಬನ್ನಿ" ಅಂತ ನಿಮಗೆ ಹೇಳಿದವರು ಆ ನಾಯಿಯವರಿಗೂ ಹಾಗೇ ಹೇಳಿರುತ್ತಾರೆ, ಅಲ್ವಾ?

ಪುಸ್ತಕದಲ್ಲಿ ನೋಡುವುದು ಮುಖ್ಯವಾಗಿ ಮೂರು. ಮೊದಲು ರೇಬೀಸ್, ಅಂದರೆ ಹುಚ್ಚುನಾಯಿ ರೋಗದ್ದು. ನಮ್ಮಲ್ಲಿ ವರ್ಷಕ್ಕೊಮ್ಮೆ ಹಾಕಿಸುತ್ತಾರೆ. ಆಮೇಲೆ "ಸೆವೆನ್ ಇನ್ ಒನ್", "ನೈನ್ ಇನ್ ಒನ್" ಅಂತೆಲ್ಲ ಜನ ಕರೆಯುವ ಕಾಂಬಿನೇಷನ್ ಇಂಜೆಕ್ಷನ್. ಡಿಸ್ಟೆಂಪರ್, ಪಾರ್ವೋ, ಲಿವರಿಗೆ ಬರುವ ಹೆಪಟೈಟಿಸ್, ಇಲಿಜ್ವರ, ಇವೆಲ್ಲ ಅದರಲ್ಲಿ ಬರುತ್ತವೆ. ಇದರಲ್ಲಿ ಪಾರ್ವೋ ತುಂಬ ಮೊಂಡು ವೈರಸ್, ನೆಲದ ಮೇಲೆ ತಿಂಗಳುಗಟ್ಟಲೆ ಬದುಕಿರಬಲ್ಲದು. ಹಾಗಾಗಿ ಲಸಿಕೆ ಕೋರ್ಸ್ ಮುಗಿಯದ ಪುಟ್ಟ ಮರಿಯನ್ನು ಬೋರ್ಡಿಂಗಿಗೆ ಬಿಡಲೇಬಾರದು, ತಿಳಿದವರು ತೆಗೆದುಕೊಳ್ಳುವುದೂ ಇಲ್ಲ.

ಮೂರನೆಯದು ಕೆನಲ್ ಕಾಫ್. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಗರಗರ ಕೆಮ್ಮುವ ಕಾಯಿಲೆ. ಶಾಲೆ ಶುರುವಾದ ತಿಂಗಳಲ್ಲಿ ಮಕ್ಕಳಿಗೆ ನೆಗಡಿ ಹರಡುತ್ತದಲ್ಲ, ಅದೇ ಥರ ನಾಯಿಗಳು ಒಟ್ಟು ಸೇರುವ ಕಡೆ ಇದು ಹರಡುತ್ತದೆ. ಇದರ ಮುಖ್ಯ ಕಾರಣಗಳಲ್ಲಿ ಒಂದಾದ ಬೋರ್ಡೆಟೆಲ್ಲಾ ಬ್ಯಾಕ್ಟೀರಿಯಾಗೆ ಲಸಿಕೆ ಬೇರೆಯೇ ಇದೆ. "ಎಲ್ಲಾ ಇಂಜೆಕ್ಷನ್ ಆಗಿದೆ" ಅಂದುಕೊಂಡವರ ಪುಸ್ತಕದಲ್ಲೂ ಎಷ್ಟೋ ಸಲ ಇದು ಇರುವುದಿಲ್ಲ. ಒಮ್ಮೆ ತೆರೆದು ನೋಡಿ. ಹಾಕಿಸುವುದಾದರೆ ಹೊರಡುವ ಹಿಂದಿನ ದಿನ ಹಾಕಿಸಿ ಪ್ರಯೋಜನವಿಲ್ಲ, ಮೈ ಒಳಗೆ ಶಕ್ತಿ ಕಟ್ಟಿಕೊಳ್ಳಲು ಟೈಮ್ ಬೇಕು. ಎರಡು ವಾರ ಮುಂಚೆಯೇ ಡಾಕ್ಟರ ಹತ್ತಿರ ಹೋಗುವುದು ಸರಿ.

ಉಣ್ಣೆ, ಅಂದರೆ ನಾಯಿಯ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳು, ಕೆಲವು ಕಡೆ ಉಣುಗು ಅನ್ನುತ್ತಾರೆ, ಇದಕ್ಕೆ ಪುಸ್ತಕದಲ್ಲಿ ಸ್ಟಿಕ್ಕರ್ ಇಲ್ಲ. ಆದರೆ ಬೆಂಗಳೂರಿನ ನಾಯಿಗಳನ್ನು ಕಾಡುವುದರಲ್ಲಿ ಇದು ಯಾವುದಕ್ಕೂ ಕಡಿಮೆಯಿಲ್ಲ. ಉಣ್ಣೆ ಕಚ್ಚಿ ಬರುವ ಟಿಕ್ ಫೀವರ್ ನಮ್ಮ ಡೆಂಗ್ಯೂ ಹಾಗೆ ಪ್ಲೇಟ್‌ಲೆಟ್ ಇಳಿಸಬಹುದು. ಒಂದು ನಾಯಿ ಉಣ್ಣೆ ಹೊತ್ತು ತಂದರೆ ಅದು ಮನೆಯ ಸಂದಿಗೊಂದಿಯಲ್ಲೆಲ್ಲ ಮೊಟ್ಟೆಯಿಟ್ಟು ಕೂರುತ್ತದೆ, ಆಮೇಲೆ ಬಂದ ನಾಯಿಗಳಿಗೆಲ್ಲ ಹತ್ತುತ್ತದೆ. ತಿಂಗಳಿಗೊಮ್ಮೆ ಕೊಡುವ ಮಾತ್ರೆ ಇದೆ, ಮೂರು ತಿಂಗಳು ಕೆಲಸ ಮಾಡುವುದೂ ಇದೆ. ನಿಮ್ಮ ನಾಯಿಯ ಮಾತ್ರೆಯ ಅವಧಿ ಬೋರ್ಡಿಂಗಿನ ನಡುವೆ ಮುಗಿಯದ ಹಾಗೆ ನೋಡಿಕೊಳ್ಳಿ.

ಇನ್ನೊಂದು ವಿಷಯ. ಆಪರೇಷನ್ ಆಗದ ಹೆಣ್ಣು ನಾಯಿ ಬೆದೆಗೆ ಬರುವ ಸಮಯವಾಗಿದ್ದರೆ ಮುಚ್ಚಿಡಬೇಡಿ. ಸುಮಾರು ಮೂರು ವಾರದ ಮಾತು ಅದು. ಆ ಹೊತ್ತಿನಲ್ಲಿ ಬೇರೆ ನಾಯಿಗಳಿರುವ ಮನೆಗೆ ಬಿಟ್ಟರೆ ಅಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ.

ಹೋಗಿ ನೋಡುವಾಗ ಬಾಗಿಲು ನೋಡಿ

ಫೋಟೋ ನೋಡಿ ದುಡ್ಡು ಕಳಿಸಬೇಡಿ, ನಾಯಿಯನ್ನೂ ಕರೆದುಕೊಂಡು ಒಮ್ಮೆ ಹೋಗಿ ಬನ್ನಿ. ಮನೆ ಎಷ್ಟು ಚೆಂದ ಅನ್ನುವುದಕ್ಕಿಂತ ಬಾಗಿಲು ಹೇಗೆ ತೆರೆಯುತ್ತದೆ ಅನ್ನುವುದು ಮುಖ್ಯ. ಕೊರಿಯರ್ ಹುಡುಗ ಬೆಲ್ ಮಾಡುತ್ತಾನೆ, ಮಗು ಓಡಿಹೋಗಿ ಬಾಗಿಲು ತೆಗೆಯುತ್ತದೆ, ನಾಯಿ ಕಾಲ ಸಂದಿಯಲ್ಲಿ ಆಚೆ. ತನ್ನ ಬೀದಿಯಲ್ಲಿ ತಪ್ಪಿಸಿಕೊಂಡ ನಾಯಿಗೆ ಮನೆ ಗೊತ್ತು. ಬೇರೆ ಏರಿಯಾದಲ್ಲಿ ತಪ್ಪಿಸಿಕೊಂಡರೆ ಅದು ಎಲ್ಲಿಗೆ ವಾಪಸ್ ಹೋಗಬೇಕು? ನಿಮ್ಮ ಮನೆ ಹದಿನೈದು ಕಿಲೋಮೀಟರ್ ದೂರ, ಅವರ ಮನೆಯ ಪರಿಚಯ ಎರಡು ಗಂಟೆಯದು. ಅದಕ್ಕೇ ಮೊದಲ ದಿನವೇ ಎಲ್ಲಕ್ಕಿಂತ ಅಪಾಯದ ದಿನ. ಬಾಗಿಲಿಗೂ ಬೀದಿಗೂ ನಡುವೆ ಇನ್ನೊಂದು ಗೇಟ್ ಇದೆಯಾ, ಬಾಲ್ಕನಿಯ ಗ್ರಿಲ್ ಸಂದಿ ಎಷ್ಟಗಲ, ಟೆರೇಸಿಗೆ ಬಿಡುತ್ತಾರಾ, ಇವನ್ನು ನೋಡಿ. ಮೊದಲ ದಿನ ಮನೆಯೊಳಗೂ ಹಗ್ಗ ಹಾಕಿಯೇ ಇಟ್ಟಿರುತ್ತೇವೆ ಅಂತ ಅವರಾಗಿಯೇ ಹೇಳಿದರೆ ನನಗೆ ಅಲ್ಲೇ ಅರ್ಧ ನಂಬಿಕೆ ಬರುತ್ತದೆ.

ಮುಧೋಳ ನಾಯಿ ಸಾಕಿದವರು ಇಲ್ಲಿ ಇನ್ನಷ್ಟು ಹುಷಾರಾಗಿರಬೇಕು. ಬಾಗಲಕೋಟೆ ಜಿಲ್ಲೆಯ ಮುಧೋಳದ ಈ ತಳಿ ಬೇಟೆಯನ್ನು ಕಣ್ಣಲ್ಲಿ ಕಂಡು ಅಟ್ಟಿಸಿಕೊಂಡು ಹೋಗಲೆಂದೇ ಬೆಳೆಸಿದ್ದು. ದೂರದಲ್ಲಿ ಬೆಕ್ಕಿನ ಬಾಲ ಅಲುಗಾಡಿದರೆ ಸಾಕು, ಕರೆದದ್ದು ಕಿವಿಗೆ ಬೀಳುವುದಿಲ್ಲ. ತಲೆ ಕಿರಿದು, ಕುತ್ತಿಗೆ ತಲೆಯಷ್ಟೇ ದಪ್ಪ. ಹಾಗಾಗಿ ಮಾಮೂಲಿ ಕುತ್ತಿಗೆ ಬೆಲ್ಟಿನಿಂದ ಹಿಂದಕ್ಕೆ ಜಗ್ಗಿದರೆ ತಲೆ ಸಲೀಸಾಗಿ ಹೊರಗೆ ಬರುತ್ತದೆ. ಎಳೆದಾಗ ಸ್ವಲ್ಪ ಬಿಗಿಯಾಗುವ ಮಾರ್ಟಿಂಗೇಲ್ ಬೆಲ್ಟ್ ಅಂತ ಸಿಗುತ್ತದೆ, ಅದನ್ನೇ ಹಾಕಿ ಕಳಿಸಿ. ಕಾಂಪೌಂಡ್ ಗೋಡೆ ಎಷ್ಟೆತ್ತರ ಅಂತಲೂ ನೋಡಿ, ನಿಮ್ಮ ಎದೆಮಟ್ಟದ ಗೋಡೆ ಅವನಿಗೆ ಗೋಡೆಯೇ ಅಲ್ಲ.

ಅವರ ನಾಯಿಗೂ ನಿಮ್ಮದಕ್ಕೂ ಪರಿಚಯ ಬಾಗಿಲಲ್ಲಿ ಆಗುವುದು ಬೇಡ. ಮನೆ ಅವರ ನಾಯಿಯದು, ಹೊಸಬರು ನುಗ್ಗಿದರೆ ಗುರ್ ಅನ್ನುವುದು ಸಹಜ. ಇಬ್ಬರನ್ನೂ ಬೀದಿಗೆ ಕರೆದುಕೊಂಡು ಹೋಗಿ ಹತ್ತು ಹದಿನೈದು ನಿಮಿಷ ಅಕ್ಕಪಕ್ಕ ನಡೆಸಿ, ಆಮೇಲೆ ಒಟ್ಟಿಗೇ ಒಳಗೆ ಬನ್ನಿ. ಜಗಳ ಆಗುವುದು ಹೆಚ್ಚಾಗಿ ಊಟ, ಮೂಳೆ, ಆಟಿಕೆ, ಯಜಮಾನರ ಮಡಿಲು, ಇವುಗಳಿಗೆ. ಊಟ ಬೇರೆ ಬೇರೆ ಕೋಣೆಯಲ್ಲಿ ಹಾಕುತ್ತಾರಾ ಅನ್ನುವ ಒಂದು ಪ್ರಶ್ನೆಯಲ್ಲೇ ಅವರ ಅನುಭವ ಎಷ್ಟು ಅಂತ ಗೊತ್ತಾಗುತ್ತದೆ.

ಎರಡು ರಾತ್ರಿ ಬಿಡುವ ಮೊದಲು ಅರ್ಧ ದಿನ ಬಿಟ್ಟು ನೋಡಿ, ಆಮೇಲೆ ಸಾಧ್ಯವಾದರೆ ಒಂದು ರಾತ್ರಿ. ನೀವು ಬಿಟ್ಟು ಹೋಗುತ್ತೀರಿ, ಮತ್ತೆ ಬರುತ್ತೀರಿ ಅನ್ನುವುದನ್ನು ನಾಯಿಗೆ ಬಾಯಲ್ಲಿ ಹೇಳಲು ಆಗುವುದಿಲ್ಲವಲ್ಲ. ಒಮ್ಮೆ ಮಾಡಿಯೇ ತೋರಿಸಬೇಕು.

ಹೊಗಳಿಕೆ ಸಾಕು, ದೂರು ಹೇಳಿ

ಹೋಸ್ಟ್, ಅಂದರೆ ನಾಯಿಯನ್ನು ಇಟ್ಟುಕೊಳ್ಳುವ ಮನೆಯವರು, ನಿಮ್ಮ ನಾಯಿ ಬಗ್ಗೆ ಕೇಳಿದಾಗ ನಾವೆಲ್ಲ ಮಾಡುವ ತಪ್ಪು ಒಂದೇ. ಹೆಣ್ಣು ನೋಡಲು ಬಂದವರ ಮುಂದೆ ಮಾತಾಡಿದ ಹಾಗೆ ಮಾತಾಡುತ್ತೇವೆ. "ತುಂಬಾ ಸಾಧು, ಏನೂ ತೊಂದರೆ ಕೊಡಲ್ಲ, ಹಾಕಿದ್ದು ತಿನ್ನುತ್ತೆ." ನಾನೂ ಹಾಗೇ ಹೇಳಿ ಬಂದೆ.

ಮಾರನೇ ದಿನ ಬೆಳಿಗ್ಗೆ ಎಂಟೂವರೆಗೆ ಫೋನ್. "ಮೇಡಂ, ಬೆಲ್ಲ ಮಂಚದ ಕೆಳಗೆ ಹೋಗಿದಾಳೆ, ಬರ್ತಾನೇ ಇಲ್ಲ, ಮೈಯೆಲ್ಲ ನಡುಗ್ತಾ ಇದೆ." ಏನಾಯಿತು ಅಂತ ಕೇಳಿದರೆ ಅವರಿಗೂ ಗೊತ್ತಿಲ್ಲ. ತಿಂಡಿ ಆಯಿತಾ, ಯಾರಾದರೂ ಬಂದಿದ್ದರಾ, ಪಟಾಕಿ ಸದ್ದಾಯಿತಾ ಅಂತ ಒಂದೊಂದಾಗಿ ಕೇಳುತ್ತಿರುವಾಗ ಅವರ ಹಿಂದಿನಿಂದ ಕುಕ್ಕರ್ ಸೀಟಿ ಕೇಳಿಸಿತು. ಬೆಲ್ಲಳಿಗೆ ಕುಕ್ಕರ್ ಸೀಟಿ ಅಂದರೆ ಯಮಭಯ. ಮರಿಯಿಂದಲೂ. ನಮ್ಮ ಮನೆಯಲ್ಲಿ ಕುಕ್ಕರ್ ಇಡುವ ಮೊದಲು ಅವಳನ್ನು ಬಾಲ್ಕನಿಗೆ ಕಳಿಸಿ ಅಡುಗೆಮನೆ ಬಾಗಿಲು ಹಾಕುವುದು ಎಷ್ಟು ರೂಢಿಯಾಗಿದೆ ಅಂದರೆ, ಅದೊಂದು ಹೇಳಬೇಕಾದ ವಿಷಯ ಅಂತಲೇ ನನಗೆ ಹೊಳೆದಿರಲಿಲ್ಲ. ಅವರು ಪಾಪ ಅನ್ನ, ಬೇಳೆ ಎರಡಕ್ಕೂ ಸೇರಿ ಏಳು ಸೀಟಿ ಕೂಗಿಸಿದ್ದರು. ಬೆಲ್ಲ ಹೊರಗೆ ಬಂದಾಗ ಮಧ್ಯಾಹ್ನ ಒಂದು ಗಂಟೆ.

ತಪ್ಪು ಪೂರ್ತಿ ನನ್ನದೇ. ಹಾಗಾಗಿ ಒಂದು ಉಪಾಯ ಹೇಳುತ್ತೇನೆ. ಹೋಗುವ ವಾರ ಒಂದಿಡೀ ದಿನ ನಿಮ್ಮ ನಾಯಿಗಾಗಿ ನೀವು ಏನೇನು ಮಾಡುತ್ತೀರಿ ಅಂತ ಸುಮ್ನೆ ಗಮನಿಸಿ ಬರೆದುಕೊಳ್ಳಿ. ಕಸ ಗುಡಿಸುವಾಗ ಪೊರಕೆಗೆ ಎಗರುತ್ತದೆ, ಅದಕ್ಕೆ ಕೋಣೆ ಬದಲಿಸುತ್ತೀರಿ. ಹೆಲ್ಮೆಟ್ ಹಾಕಿದವರನ್ನು ಕಂಡರೆ ಬೊಗಳುತ್ತದೆ. ಕಿವಿ ಮುಟ್ಟಿದರೆ ಹಲ್ಲು ತೋರಿಸುತ್ತದೆ. ಕಾಲುಚೀಲ ನುಂಗುತ್ತದೆ. ಮಲಗಿರುವಾಗ ಎಬ್ಬಿಸಿದರೆ ಬೆಚ್ಚಿ ಬಾಯಿ ಹಾಕುತ್ತದೆ. ಹಿಂದೆ ಯಾರನ್ನಾದರೂ ಕಚ್ಚಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಹೇಳಿ, ಆ ಮನೆಯಲ್ಲಿ ಮಕ್ಕಳಿರಬಹುದು. ಹೇಳಿದರೆ ಬೇಡ ಅನ್ನುತ್ತಾರೇನೋ ಅನ್ನುವ ಭಯ ಇರುತ್ತದೆ, ಗೊತ್ತು. ಬೇಡ ಅಂದರೆ ಅಂದುಕೊಳ್ಳಲಿ, ಬೇರೆ ಮನೆ ಹುಡುಕಿದರಾಯಿತು.

ಬ್ಯಾಗಿನಲ್ಲಿ ಏನಿರಬೇಕು

ದಿನಾ ತಿನ್ನುವ ಊಟವೇ ಹೋಗಬೇಕು. ಮನೆ ಬದಲಾದಾಗಲೇ ಹೊಟ್ಟೆ ಅಲ್ಲೋಲಕಲ್ಲೋಲ ಆಗಿರುತ್ತದೆ, ಅದರ ಜೊತೆ ಊಟವೂ ಬದಲಾದರೆ ಭೇದಿ ಖಂಡಿತ. ಡ್ರೈ ಫುಡ್ ಆದರೆ ಹೊತ್ತಿಗಿಷ್ಟು ಅಂತ ಪೊಟ್ಟಣ ಕಟ್ಟಿ, ಒಂದೆರಡು ಹೊತ್ತಿನದು ಜಾಸ್ತಿಯೇ ಇರಲಿ, ರೈಲು ತಡವಾಗಬಹುದು. ಅನ್ನ, ಮೊಸರನ್ನ, ಮೊಟ್ಟೆ ತಿನ್ನುವ ನಾಯಿಯಾದರೆ ಉಪ್ಪು ಹಾಕುತ್ತೀರಾ ಇಲ್ಲವಾ ಅನ್ನುವಷ್ಟು ವಿವರ ಬರೆದುಕೊಡಿ.

ತೊಳೆಯದ ಒಂದು ಬೆಡ್‌ಶೀಟ್ ಇಡಿ. ನೆಂಟರ ಮನೆಗೆ ಹೋಗುತ್ತಿದ್ದಾಳೆ ಅಂತ ನಮ್ಮಮ್ಮ ಬೆಲ್ಲಳ ಹಾಸಿಗೆಯನ್ನು ಸರ್ಫ್ ಹಾಕಿ ಒಗೆದು ಕೊಟ್ಟಿದ್ದರು! ನಾಯಿಗೆ ಮನೆ ಅಂದರೆ ವಾಸನೆ. ಅದನ್ನೇ ಒಗೆದುಬಿಟ್ಟರೆ ಉಳಿಯುವುದು ಬರೀ ಬಟ್ಟೆ. ನೀವು ಎರಡು ದಿನ ಹಾಕಿದ ಟೀ ಶರ್ಟ್ ಆದರೂ ಆಗುತ್ತದೆ.

ಕುತ್ತಿಗೆ ಬಿಲ್ಲೆಯಲ್ಲಿ ನಿಮ್ಮ ನಂಬರ್ ಇರುತ್ತದೆ, ಆದರೆ ನೀವು ಘಟ್ಟದ ಕೆಳಗೆ ನೆಟ್‌ವರ್ಕ್ ಇಲ್ಲದ ಕಡೆ ಇದ್ದರೆ? ಹೋಸ್ಟ್ ನಂಬರನ್ನು ಒಂದು ಟೇಪಿನ ಮೇಲೆ ಬರೆದು ಬೆಲ್ಟಿಗೆ ಅಂಟಿಸಿ. ಮೈಕ್ರೋಚಿಪ್ ಇದೆ ಅಂತ ಧೈರ್ಯವಾಗಿರಬೇಡಿ. ಅದು ನಾಯಿಯ ಚರ್ಮದ ಕೆಳಗೆ ಇಡುವ, ಅಕ್ಕಿಕಾಳಿನಷ್ಟು ದೊಡ್ಡ ಒಂದು ಚಿಪ್, ಅದರೊಳಗೆ ಇರುವುದು 15 ಅಂಕಿಯ ಒಂದು ನಂಬರ್ ಮಾತ್ರ. ನಾಯಿ ಎಲ್ಲಿದೆ ಅಂತ ಅದು ಹೇಳುವುದಿಲ್ಲ, ಸಿಕ್ಕಿದ ಮೇಲೆ ಯಾರಾದರೂ ಸ್ಕ್ಯಾನ್ ಮಾಡಿದರೆ ಯಾರ ನಾಯಿ ಅಂತ ಪತ್ತೆ ಮಾಡಬಹುದು, ಅಷ್ಟೇ.

ಬಿಟ್ಟು ಬರುವ ಹೊತ್ತು, ಮತ್ತು ಆ ರಾತ್ರಿ

ಬೆಳಿಗ್ಗೆಯೇ ಬಿಡಿ. ರಾತ್ರಿ ಒಂಬತ್ತಕ್ಕೆ ಬಸ್ ಅಂತ ಎಂಟಕ್ಕೆ ಬಿಟ್ಟು ಓಡಿದರೆ ನಾಯಿಗೆ ಆ ಮನೆಯನ್ನು ಬೆಳಕಿನಲ್ಲಿ ನೋಡುವ, ಮೂಸುವ ಸಮಯವೇ ಸಿಗುವುದಿಲ್ಲ. ಹೊರಡುವ ಮೊದಲು ಚೆನ್ನಾಗಿ ನಡೆಸಿ ಸುಸ್ತು ಮಾಡಿ. ಅಲ್ಲಿ ಹೋದ ಮೇಲೆ ಬಾಗಿಲಲ್ಲಿ ಕೂತು ತಬ್ಬಿಕೊಂಡು ಅಳಬೇಡಿ. ನಿಮ್ಮ ದನಿ, ಮುಖ, ಬೆವರಿನ ವಾಸನೆ ಎಲ್ಲದರಿಂದಲೂ ನಾಯಿ ಏನೋ ಸರಿಯಿಲ್ಲ ಅಂತ ಗ್ರಹಿಸುತ್ತದೆ. ಹೋಸ್ಟ್ ಅದನ್ನು ಒಳಗೆ ಯಾವುದಾದರೂ ತಿಂಡಿ ಕೊಡಲು ಕರೆದುಕೊಂಡು ಹೋಗಲಿ, ನೀವು ಮಾಮೂಲಿನಂತೆ ಚಪ್ಪಲಿ ಹಾಕಿಕೊಂಡು ಹೊರಡಿ. ಮೆಟ್ಟಿಲಲ್ಲಿ ಅತ್ತುಕೊಳ್ಳಬಹುದು, ನಾನು ಅತ್ತಿದ್ದೇನೆ.

ಮೊದಲ ಒಂದೆರಡು ಗಂಟೆ ನಾಯಿ ಬಾಗಿಲ ಹತ್ತಿರವೇ ಇರುತ್ತದೆ. ಲಿಫ್ಟ್ ಸದ್ದಾದಾಗೆಲ್ಲ ಕಿವಿ ನಿಮಿರುತ್ತದೆ. ಆಮೇಲೆ ಮನೆಯನ್ನು ಮೂಸುತ್ತಾ ಹೊರಡುತ್ತದೆ. ಸಾಕಷ್ಟು ನಾಯಿಗಳು ಈ ಹೊತ್ತಿನಲ್ಲಿ ಒಳಗೇ ಒಂದು ಸಲ ಮೂತ್ರ ಮಾಡಿಬಿಡುತ್ತವೆ, ಮನೆಯಲ್ಲಿ ಎಂದೂ ಮಾಡದಿದ್ದವೂ ಸಹ. ಮಾಡಿಕೊಂಡಿದ್ದು ಕೊಬ್ಬಿನಿಂದಲ್ಲ. ಬೇರೆ ನಾಯಿಗಳ ವಾಸನೆ ತುಂಬಿದ ಜಾಗ, ಜೊತೆಗೆ ಗಾಬರಿ, ಹೊರಗೆ ಹೋಗಬೇಕಾದಾಗ ಇಲ್ಲಿ ಯಾರನ್ನು ಕೇಳಬೇಕು ಅಂತಲೂ ಗೊತ್ತಿಲ್ಲ. ಅನುಭವ ಇರುವ ಹೋಸ್ಟ್ ಒರೆಸಿ ಸುಮ್ಮನಾಗುತ್ತಾರೆ.

ನಿದ್ದೆಯಿಲ್ಲದೆ ಆಕಳಿಸುವುದು, ಏನೂ ತಿನ್ನದೆ ತುಟಿ ನೆಕ್ಕಿಕೊಳ್ಳುವುದು, ಸೆಖೆಯಿಲ್ಲದೆ ಏದುಸಿರು ಬಿಡುವುದು, ಇವು ಮೂರೂ ಒತ್ತಡದ ಗುರುತು. ಇವನ್ನು ನೋಡಿ ಹಸಿವು, ಬಾಯಾರಿಕೆ, ನಿದ್ದೆ ಅಂತ ತಪ್ಪು ತಿಳಿಯುವವರೇ ಜಾಸ್ತಿ. ಸಂಜೆ ಊಟ ಮುಟ್ಟದೇ ಇರಬಹುದು. ಯಾಕೆ ಅಂದರೆ ಭಯದಲ್ಲಿರುವ ಮೈಗೆ ಊಟ ಮುಖ್ಯವಲ್ಲ. ಪರೀಕ್ಷೆಯ ದಿನ ಬೆಳಿಗ್ಗೆ ಇಡ್ಲಿ ಗಂಟಲಲ್ಲಿ ಇಳಿಯುತ್ತಿರಲಿಲ್ಲವಲ್ಲ, ಅದೇ. ಆರೋಗ್ಯವಾಗಿರುವ ದೊಡ್ಡ ನಾಯಿ ಒಂದೆರಡು ಹೊತ್ತು ಬಿಟ್ಟರೆ ಏನೂ ಆಗುವುದಿಲ್ಲ.

ರಾತ್ರಿ ದೀಪ ಆರಿಸಿದ ಮೇಲೆ ಇನ್ನೊಂದು ಸುತ್ತು ಶುರುವಾಗುತ್ತದೆ. ಹಗಲಿನಲ್ಲಿ ಜನರ ಓಡಾಟದಲ್ಲಿ ಮರೆತಿದ್ದು ಈಗ ನೆನಪಾಗುತ್ತದೆ. ಕುಂಯ್ ಅನ್ನುತ್ತದೆ, ಎದ್ದು ಬಾಗಿಲಿಗೆ ಹೋಗುತ್ತದೆ, ಬಂದು ಮಲಗುತ್ತದೆ, ಮತ್ತೆ ಏಳುತ್ತದೆ. ಹೊಸ ಲಾಡ್ಜಿನಲ್ಲಿ ಮೊದಲ ರಾತ್ರಿ ನಮಗೂ ಫ್ಯಾನಿನ ಸದ್ದು, ಪಕ್ಕದ ಕೋಣೆಯ ನಲ್ಲಿ ಸದ್ದು ಎಲ್ಲ ಕೇಳಿಸುತ್ತದಲ್ಲ, ಹಾಗೆ ನಾಯಿಯೂ ಅರೆನಿದ್ದೆಯಲ್ಲೇ ಕಾವಲು ಕೂತಿರುತ್ತದೆ. ಈ ಹೊತ್ತಿನಲ್ಲಿ ನಾಯಿಯನ್ನು ಹಾಲ್‌ನಲ್ಲಿ ಒಂಟಿಯಾಗಿ ಬಿಟ್ಟು ಕೋಣೆ ಬಾಗಿಲು ಹಾಕಿಕೊಳ್ಳುವವರಿಗೂ ಅಲ್ಲೇ ಪಕ್ಕದಲ್ಲಿ ಚಾಪೆ ಹಾಕಿ ಮಲಗುವವರಿಗೂ ತುಂಬ ವ್ಯತ್ಯಾಸ. "ರಾತ್ರಿ ಎಲ್ಲಿ ಮಲಗುತ್ತದೆ, ಹತ್ತಿರ ಯಾರಿರುತ್ತಾರೆ" ಅನ್ನುವ ಪ್ರಶ್ನೆಯನ್ನು ಮೊದಲ ಭೇಟಿಯಲ್ಲೇ ಕೇಳಬೇಕು ಅನ್ನುವುದು ಇದಕ್ಕೇ. ಎರಡನೇ ರಾತ್ರಿ ಸಾಮಾನ್ಯವಾಗಿ ಇಷ್ಟು ಕಷ್ಟ ಇರುವುದಿಲ್ಲ.

ವಿಡಿಯೋ ಕಾಲ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ದನಿ ಕೇಳಿಸುತ್ತದೆ, ನಿಮ್ಮ ವಾಸನೆ ಎಲ್ಲೂ ಇಲ್ಲ. ಬೆಲ್ಲ ಫೋನಿನ ಹಿಂಭಾಗವನ್ನು ಮೂಸಿ, ಆಮೇಲೆ ಮನೆಯೆಲ್ಲ ಹುಡುಕಿ, ಅರ್ಧ ಗಂಟೆ ಕುಂಯ್‌ಗುಟ್ಟಿದಳಂತೆ. ನೆಮ್ಮದಿ ಸಿಕ್ಕಿದ್ದು ನನಗೆ ಮಾತ್ರ. ಬೆಳಿಗ್ಗೆ ಒಂದು, ಸಂಜೆ ಒಂದು ಫೋಟೋ ಕಳಿಸಿ ಅಂತ ಮಾತಾಡಿಕೊಂಡರೆ ಸಾಕು. ಗಂಟೆಗೊಮ್ಮೆ "ಏನ್ ಮಾಡ್ತಿದೆ?" ಅಂತ ಕೇಳಿದರೆ ಅವರು ನಾಯಿ ನೋಡಿಕೊಳ್ಳಬೇಕೋ ನಿಮ್ಮನ್ನೋ?

ಯಾವುದಕ್ಕೆ ಕಾಯಬಾರದು

ಮೇಲೆ ಹೇಳಿದ್ದೆಲ್ಲ ಮಾಮೂಲಿ. ಮೆತ್ತಗಿನ ಕಕ್ಕ ಕೂಡ ಮಾಮೂಲಿ, ಒತ್ತಡದಿಂದ ಒಂದೆರಡು ದಿನ ಹಾಗಾಗುತ್ತದೆ. ಆದರೆ ಒಂದು ದಿನ ಪೂರ್ತಿ ಕಳೆದ ಮೇಲೂ ಏನೂ ತಿನ್ನದಿದ್ದರೆ, ನೀರೂ ಮುಟ್ಟದಿದ್ದರೆ, ವಾಂತಿ ಮೇಲೆ ವಾಂತಿ ಆದರೆ, ಕಕ್ಕದಲ್ಲಿ ರಕ್ತ ಕಂಡರೆ ಡಾಕ್ಟರಿಗೆ ತೋರಿಸಬೇಕು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗ್ರೇಟ್ ಡೇನ್ ಥರದ ದೊಡ್ಡ ಎದೆಗೂಡಿನ ನಾಯಿಯ ಹೊಟ್ಟೆ ಡೋಲಿನಂತೆ ಉಬ್ಬಿ, ವಾಂತಿ ಮಾಡಲು ಒದ್ದಾಡಿದರೂ ಏನೂ ಬರುತ್ತಿಲ್ಲ ಅಂದರೆ ಬೆಳಗಾಗಲಿ ಅಂತ ಕಾಯಬಾರದು. ಗ್ಯಾಸ್ ತುಂಬಿದ ಜಠರ ಒಳಗೇ ತಿರುಚಿಕೊಂಡಿರಬಹುದು, ಅಂಥದ್ದರಲ್ಲಿ ಕೆಲವೇ ಗಂಟೆಗಳಲ್ಲಿ ಜೀವ ಹೋಗುತ್ತದೆ.

ಮದುವೆಮನೆಯಲ್ಲಿ ಓಲಗದ ಸದ್ದಿಗೆ ನಿಮಗೆ ಫೋನ್ ಕೇಳಿಸದೇ ಇರಬಹುದು. ಆಗ ಹೋಸ್ಟ್ ಏನು ಮಾಡಬೇಕು? "ನನಗೆ ಸಿಗದಿದ್ದರೂ ಕರೆದುಕೊಂಡು ಹೋಗಿ, ಇಷ್ಟು ಸಾವಿರದವರೆಗೆ ಕೇಳದೆ ಖರ್ಚು ಮಾಡಿ, ಇಂಥ ಡಾಕ್ಟರ್, ಅವರಿಲ್ಲದಿದ್ದರೆ ಇಂಥ ಆಸ್ಪತ್ರೆ" ಅಂತ ವಾಟ್ಸ್ಆ್ಯಪಿನಲ್ಲಿ ಮೊದಲೇ ಬರೆದು ಕಳಿಸಿ. ರಾತ್ರಿ ತೆರೆದಿರುವ ಆಸ್ಪತ್ರೆ ಅವರ ಮನೆಗೆ ಹತ್ತಿರ ಯಾವುದು ಅಂತ ಹೊರಡುವ ಮೊದಲೇ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಹಬ್ಬದ ದಿನವಾದರೆ ಇನ್ನೊಂದು ಮಾತು ಸೇರಿಸಿ: ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ನಾಯಿಗೆ ವಿಷ, ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳಿ ಹೊಟ್ಟೆಗೆ ಚುಚ್ಚುತ್ತದೆ. ಅವರಿಗೆ ಗೊತ್ತಿರುತ್ತದೆ. ಅವರ ಮನೆಗೆ ಬಂದ ನೆಂಟರಿಗೆ ಗೊತ್ತಿರುವುದಿಲ್ಲ, "ಅಯ್ಯೋ ಪಾಪ" ಅಂತ ಪಾಯಸದ ಬಟ್ಟಲು ನೆಲಕ್ಕೆ ಇಡುವವರು ಅವರೇ.

ಕೆಲವು ನಾಯಿಗಳಿಗೆ ಈ ಏರ್ಪಾಡೇ ಸರಿಹೋಗುವುದಿಲ್ಲ. ಕಣ್ಣು ಕಿವಿ ಮಂದವಾದ ಮುದಿ ನಾಯಿ ಹೊಸ ಮನೆಯಲ್ಲಿ ಗೋಡೆ ಗೋಡೆಗೆ ಬಡಿದುಕೊಳ್ಳುತ್ತದೆ. ಬೇರೆ ನಾಯಿ ಕಂಡರೆ ಮೇಲೆ ಬೀಳುವಂಥದ್ದಿದ್ದರೆ ಇಡೀ ಮನೆಗೆ ಶಿಕ್ಷೆ. ಇಂಥವಕ್ಕೆ ನಿಮ್ಮ ಮನೆಗೇ ಬಂದು ಉಳಿಯುವ ಪೆಟ್ ಸಿಟ್ಟರ್ ವಾಸಿ. ದೀಪಾವಳಿಗೆ ಬಿಡುವುದಾದರೆ ಆ ಬೀದಿಯಲ್ಲಿ ಪಟಾಕಿ ಎಷ್ಟು ಅಂತ ವಿಚಾರಿಸಿ, ಪಟಾಕಿಗೆ ಹೆದರುವ ನಾಯಿಗೆ ಆ ಮೂರು ದಿನ ಅದರ ಮನೆ, ಅದರ ಮೂಲೆಯೇ ಬೇಕು.

ವಾಪಸ್ ಕರೆತಂದ ಮೇಲೆ

ಬಾಗಿಲು ತೆರೆದ ಕೂಡಲೇ ಕುಣಿದಾಟ ಇರುತ್ತದೆ. ಕೆಲವು ನಾಯಿಗಳು ಕುಣಿಯುವುದಿಲ್ಲ, ಒಮ್ಮೆ ಮೂಸಿ ಆಚೆ ಹೋಗಿ ಕೂರುತ್ತವೆ, ನಮಗೆ ಎದೆ ಧಸಕ್ ಅನ್ನುತ್ತದೆ. ಬೆಲ್ಲ ಮನೆಗೆ ಬಂದವಳೇ ನೀರು ಕುಡಿದು, ತನ್ನ ಮೂಲೆಗೆ ಹೋಗಿ, ಆ ಸಂಜೆ ಮತ್ತು ಮಾರನೇ ದಿನ ಪೂರ್ತಿ ಮಲಗಿದಳು. ಮುನಿಸಿಕೊಂಡಿದ್ದಾಳೆ ಅಂತ ಅಮ್ಮ ಅವಳ ಮುಂದೆ ಬಿಸ್ಕತ್ತಿನ ಪ್ಯಾಕೆಟ್ಟೇ ಸುರಿದರು. ಮುನಿಸಲ್ಲ, ಸುಸ್ತು. ಎರಡು ರಾತ್ರಿ ಅರೆನಿದ್ದೆಯಲ್ಲಿ ಕಾವಲು ಕೂತ ಬಾಕಿ ಅದು. ಮಲಗಲು ಬಿಡಿ, ಸ್ನಾನ ಮಾಡಿಸಲು ಹೋಗಬೇಡಿ. ನೀರು ಸ್ವಲ್ಪ ಸ್ವಲ್ಪವಾಗಿ ಕೊಡಿ, ಉದ್ವೇಗದಲ್ಲಿ ಒಂದೇ ಸಲ ಕುಡಿದು ಕಕ್ಕಿಬಿಡುತ್ತವೆ. ಊಟವನ್ನೂ ಎಂದಿಗಿಂತ ಸ್ವಲ್ಪ ಕಡಿಮೆ ಹಾಕಿ.

ಅದೇ ದಿನ ಉಣ್ಣೆ ನೋಡಿ. ಕಿವಿಯ ಮಡಿಕೆ ಒಳಗೆ, ಬೆಲ್ಟಿನ ಕೆಳಗೆ, ಕಂಕುಳಲ್ಲಿ, ಬೆರಳುಗಳ ಸಂದಿಯಲ್ಲಿ. ನಾನು ಬೆಲ್ಲಳ ಮುಂಗಾಲಿನ ಎರಡು ಬೆರಳ ನಡುವೆ ಒಂದನ್ನು ಕಂಡೆ, ಎಳ್ಳಿಗಿಂತ ಸ್ವಲ್ಪ ದೊಡ್ಡದು. ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಬೇಕು. ಸೀಮೆಎಣ್ಣೆ ಹಾಕುವುದು, ಬೆಂಕಿಕಡ್ಡಿ ತಾಗಿಸುವುದು ಎಲ್ಲ ಬೇಡ. ತೆಗೆದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ಟಿಕ್ ಫೀವರ್ ಕಾಣಿಸಿಕೊಳ್ಳಲು ಒಂದರಿಂದ ಮೂರು ವಾರ ಬೇಕಾಗುತ್ತದೆ, ಆಗ ಜ್ವರ ಬಂದು ಊಟ ಬಿಟ್ಟರೆ ಡಾಕ್ಟರಿಗೆ ಹೇಳಲು ಆ ದಿನಾಂಕ ಬೇಕು.

ಕೆನಲ್ ಕಾಫ್ ಕೂಡ ಹಾಗೆಯೇ, ತಗುಲಿದ ಕೂಡಲೇ ಗೊತ್ತಾಗುವುದಿಲ್ಲ, ಸಾಮಾನ್ಯವಾಗಿ ಎರಡು ವಾರದೊಳಗೆ ಕೆಮ್ಮು ಶುರುವಾಗುತ್ತದೆ. ಕೆಮ್ಮಿದರೆ ಹೋಸ್ಟಿಗೆ ಒಂದು ಮೆಸೇಜ್ ಹಾಕಿ. ಆ ಎರಡು ರಾತ್ರಿ ಬೆಲ್ಲಳ ಜೊತೆ ಅಲ್ಲಿ ಒಂದು ಪಗ್ ಮತ್ತು ಅವರದೇ ಒಂದು ಹದಿಮೂರು ವರ್ಷದ ಲ್ಯಾಬ್ರಡಾರ್ ಇದ್ದವು, ಅವುಗಳ ಮನೆಯವರಿಗೂ ಗೊತ್ತಾಗಬೇಕಲ್ಲ.